ತಲೆಯಿಲ್ಲದ ಬೊಂಬೆ ನಿಲ್ಲಿಸಿದವರು ಚಿತ್ರಕಾರರು ಹೇಗಾಗುತ್ತಾರೆ?

ಗೆರೆಬಣ್ಣ:
ಗ್ರೀಸ್‌ನ ವ್ಲಾಸಿಸ್ ಕನಿಯಾರಿಸ್ ಅವರ ‘ಕುಂಟಾಬಿಲ್ಲೆ’ (1974) ಫೋಟೋ ನೋಡಿದೆ. ನೆಲದ ಮೇಲೆ ಕುಂಟಾಬಿಲ್ಲೆ ಮನೆಗಳು, ಸುತ್ತ ಹಳೇ ಬಟ್ಟೆ ತೊಟ್ಟ ಬೊಂಬೆಗಳು, ಒಂದಕ್ಕೂ ತಲೆ ಇಲ್ಲ. ಪಕ್ಕದಲ್ಲಿ ಸೂಟ್‌ಕೇಸುಗಳು. ಮನಸ್ಸಿಗೆ ತಟ್ಟಿತು, ಸುಳ್ಳು ಹೇಳಲ್ಲ. ಆದರೆ ಇವರನ್ನು ಚಿತ್ರಕಾರ ಅಂತ ಬರೆಯುತ್ತಾರಲ್ಲ, ಇದರಲ್ಲಿ ಚಿತ್ರ ಎಲ್ಲಿದೆ? ರಾಜಕೀಯಕ್ಕೋಸ್ಕರ ಕುಂಚ ಬಿಟ್ಟುಬಿಟ್ಟರಾ?

ಸುಣ್ಣದಗೋಡೆ:
ಅವರು ಓದಿದ್ದು ಅಥೆನ್ಸ್‌ನ ಕಲಾಶಾಲೆಯಲ್ಲೇ. 1959ರ ‘ಅಥೆನ್ಸ್‌ನ ಗೋಡೆಗಳಿಗೆ ಗೌರವ, 1941–19..’ ಸರಣಿ ನೋಡಿ ಸರ್. ಜರ್ಮನ್ನರು ಅಥೆನ್ಸ್ ಹಿಡಿದಾಗ ಕನಿಯಾರಿಸ್ ಇನ್ನೂ ಹುಡುಗ, ಹುಟ್ಟಿದ್ದು 1928. ರಾತ್ರಿ ಯಾರೋ ಗೋಡೆ ಮೇಲೆ ಘೋಷಣೆ ಬರೆಯೋದು, ಅದರ ಮೇಲೆ ಸುಣ್ಣ ಬಳಿಯೋದು, ಮತ್ತೆ ಅಲ್ಲೇ ಬರೆಯೋದು. ಆ ಗೋಡೆಯನ್ನೇ ಅವರು ಕ್ಯಾನ್‌ವಾಸಿಗೆ ತಂದರು. ಹೆಸರಿನಲ್ಲಿ ಕೊನೆಯ ವರ್ಷ ಖಾಲಿ ಬಿಟ್ಟಿದ್ದಾರೆ ಗಮನಿಸಿದಿರಾ? ಅಂದರೆ ಕುಂಚದ ಕಾಲದಲ್ಲೂ ರಾಜಕೀಯ ಇತ್ತು.

ಮೂರನೇಬೆಂಚು:
ನನಗೆ ಅದಕ್ಕಿಂತ ಇಷ್ಟ 1969ರ ಅಥೆನ್ಸ್ ಪ್ರದರ್ಶನ. 1967ರಲ್ಲಿ ಸೇನಾಧಿಕಾರಿಗಳು ಅಧಿಕಾರ ಕಿತ್ತುಕೊಂಡರು. ಅವರ ನಾಯಕ ಪಾಪಾಡೊಪೌಲೊಸ್, ದೇಶ ಒಬ್ಬ ರೋಗಿ, ವಾಸಿಯಾಗಲು ಪ್ಲಾಸ್ಟರ್ ಹಾಕಿದ್ದೇವೆ ಅನ್ನೋ ಧಾಟಿಯಲ್ಲಿ ಮಾತಾಡುತ್ತಿದ್ದ. ಪ್ರತಿಭಟನೆಗೆ ಎಷ್ಟೋ ಕಲಾವಿದರು ಪ್ರದರ್ಶನ ಮಾಡೋದನ್ನೇ ನಿಲ್ಲಿಸಿದ್ದರು. ಕನಿಯಾರಿಸ್ ಅದೇ ಪ್ಲಾಸ್ಟರ್ ತಂದಿಟ್ಟರು, ಅದರೊಳಗೆ ಕೆಂಪು ಕಾರ್ನೇಷನ್ ಹೂ ನೆಟ್ಟರು, ಬಂದವರ ಕೈಗೆ ಹೂವಿರೋ ಪುಟ್ಟ ಪ್ಲಾಸ್ಟರ್ ತುಂಡನ್ನೂ ಕೊಟ್ಟು ಕಳಿಸಿದರು. ಒಂದು ಮಾತೂ ಬರೆಯದೆ! (ಕಲೆಗೆ ಬರೋ ಮುಂಚೆ ಸ್ವಲ್ಪ ಕಾಲ ವೈದ್ಯಕೀಯ ಓದಿದ್ದರಂತೆ, ಪ್ಲಾಸ್ಟರ್ ಹೊಸದೇನಲ್ಲ ಬಿಡಿ.) ಆಮೇಲೆ ದೇಶ ಬಿಟ್ಟು ಪ್ಯಾರಿಸ್‌ಗೆ ಹೋದರು. ಅದನ್ನೇ ಬಣ್ಣದಲ್ಲಿ ಬಿಡಿಸಿದ್ದರೆ ಇಷ್ಟು ಚುಚ್ಚುತ್ತಿತ್ತಾ?

ಗೆರೆಬಣ್ಣ:
ಪ್ಲಾಸ್ಟರ್ ವಿಷಯ ಗೊತ್ತಿರಲಿಲ್ಲ, ಥ್ಯಾಂಕ್ಸ್. ಹಾಗಾದರೆ ತಲೆಯಿಲ್ಲದ ಬೊಂಬೆಗಳು?

ಒಂದುಮಾತು:
ಅವರು ವಲಸೆ ಕಾರ್ಮಿಕರು. 1973ರಿಂದ ಸುಮಾರು ಎರಡು ವರ್ಷ ಕನಿಯಾರಿಸ್ ಬರ್ಲಿನ್‌ನಲ್ಲಿದ್ದರು. ಗ್ರೀಸ್, ತುರ್ಕಿ ಕಡೆಯಿಂದ ಬಂದವರು ಆಗ ಜರ್ಮನಿಯ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದರು, ಅಲ್ಲಿ ಅವರಿಗೆ ‘ಅತಿಥಿ ಕಾರ್ಮಿಕರು’ ಅಂತ ಹೆಸರು. ಎಂಥ ಅತಿಥಿ ಅಲ್ವಾ, ದುಡಿಸಿಕೊಂಡು ವಾಪಸ್ ಕಳಿಸೋದು. ಕುಂಟಾಬಿಲ್ಲೆಯಲ್ಲಿ ಎರಡು ಕಾಲೂ ಊರಿ ನಿಲ್ಲೋಕೆ ಸಿಗೋ ಮನೆ ಕಮ್ಮಿ, ನಾನು ಅದನ್ನು ಹಾಗೇ ಓದುತ್ತೇನೆ. ಒಂದು ತಕರಾರು ಮಾತ್ರ ಇದೆ: ಮುಖವೇ ಇಲ್ಲದಿದ್ದರೆ ಆ ಕೆಲಸಗಾರರು ಬರೀ ಪಾಪದವರಾಗಿ ಉಳಿಯುತ್ತಾರೆ. ಅವರಲ್ಲೂ ಜಗಳಗಂಟರು, ತಮಾಷೆಯವರು ಇದ್ದಿರುತ್ತಾರೆ.

ಮೂರನೇಬೆಂಚು:
ಸೂಟ್‌ಕೇಸು, ಕೋಟುಗಳನ್ನು ನೋಡಿ ಸರ್. ಯಾರೋ ತೊಟ್ಟು ಸವೆಸಿದ ಕೋಟು ಅದು. ಜಗಳಗಂಟ ಅದರೊಳಗೇ ಇದ್ದಾನೆ.