ಆಫ್ರಿಕಾದ ಹವಾಮಾನ ಹಣಕಾಸು: ಯುವ ಕಾರ್ಯಕರ್ತರಿಗೆ ಎಲ್ಲಿಂದ ಶುರು ಮಾಡಿಸುವುದು?

ಬರದನಾಡು: ಕೀನ್ಯಾದ ಮಕುವೇನಿ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಇದ್ದ ಹಾಗೆ) 18ರಿಂದ 24 ವಯಸ್ಸಿನ 25 ಜನಕ್ಕೆ ನಾಲ್ಕು ಅರ್ಧ ದಿನಗಳ ತರಬೇತಿ. ಘೋಷಣೆ ಕೂಗುವುದನ್ನು ಅವರಿಗೆ ಯಾರೂ ಕಲಿಸಬೇಕಿಲ್ಲ. ಹವಾಮಾನ ಬದಲಾವಣೆ ಎದುರಿಸಲೆಂದು ಬರುವ ದುಡ್ಡು ಎಲ್ಲಿಂದ ಹೊರಟು ಎಲ್ಲಿ ನಿಲ್ಲುತ್ತದೆ ಅನ್ನೋದು ತಿಳಿಯಬೇಕು. ಪ್ಯಾರಿಸ್ ಒಪ್ಪಂದದಿಂದ ಶುರು ಮಾಡಲೇ?

ಲೆಕ್ಕದಪುಸ್ತಕ: ಬೇಡ, ಪ್ಯಾರಿಸ್ ಕೊನೆಯ ದಿನಕ್ಕಿರಲಿ. ಅವರದೇ ವಾರ್ಡಿನ ಒಂದು ನೀರಿನ ಕಾಮಗಾರಿ ಹಿಡಿದು ಮೇಲಕ್ಕೆ ಹತ್ತಿಸಿ. ಮಕುವೇನಿ 2015ರಲ್ಲೇ ಹವಾಮಾನ ನಿಧಿಗೆ ನಿಯಮ ಮಾಡಿ, ಅಭಿವೃದ್ಧಿ ಬಜೆಟ್ಟಿನ ಶೇ. 1ರಷ್ಟನ್ನು ಅದಕ್ಕೆ ಮೀಸಲಿಟ್ಟ ಕೌಂಟಿ. ಮೂರು ಕಾಗದ ಸಾಕು: ವಾರ್ಡ್ ಸಮಿತಿಯ ನಡಾವಳಿ, ಗುತ್ತಿಗೆ ಮೊತ್ತ, ಪಾವತಿ ವಿವರ. ಅಲ್ಲಿನ 2016ರ ಮಾಹಿತಿ ಕಾಯ್ದೆಯಲ್ಲಿ ಉತ್ತರಕ್ಕೆ 21 ದಿನ (ನಮ್ಮಲ್ಲಿ 30), ಬೇಕಿದ್ದರೆ ಅವರು ಇನ್ನೂ 14 ದಿನ ಎಳೆಯಬಹುದು. ಹಾಗಾಗಿ ಅರ್ಜಿ ಆರು ವಾರ ಮೊದಲೇ ಹೋಗಲಿ. ‘ಹವಾಮಾನದ ಎಲ್ಲ ಮಾಹಿತಿ ಕೊಡಿ’ ಎಂದು ಬರೆದರೆ ಏನೂ ಬರಲ್ಲ; ಕಾಮಗಾರಿಯ ಹೆಸರು, ಆರ್ಥಿಕ ವರ್ಷ ಹಾಕಿ. ಅಲ್ಲಿ ಆರ್ಥಿಕ ವರ್ಷ ಜುಲೈಯಿಂದ ಜೂನ್.

ಎರಡನೇ ದಿನ ‘ಫ್ಲೋಕಾ’, ಅಂದರೆ ಸ್ಥಳೀಯರೇ ಮುನ್ನಡೆಸುವ ಹವಾಮಾನ ಕೆಲಸಕ್ಕೆ ಕೌಂಟಿಗಳಿಗೆ ದುಡ್ಡು ಕೊಡುವ ಕಾರ್ಯಕ್ರಮ. 2021ರಲ್ಲಿ ವಿಶ್ವಬ್ಯಾಂಕ್ ಇದಕ್ಕೆ 15 ಕೋಟಿ ಡಾಲರ್ ಮಂಜೂರು ಮಾಡಿತು. ಕೌಂಟಿಗೆ ಅದು ಅನುದಾನವಾಗಿ ಬರುತ್ತದೆ, ದೇಶದ ಖಜಾನೆಯ ಪುಸ್ತಕದಲ್ಲಿ ಮಾತ್ರ ಅದೇ ದುಡ್ಡು ಸಾಲ. ಇದೊಂದು ತಲೆಗೆ ಹೋದರೆ ಅರ್ಧ ಪಾಠ ಮುಗಿದಂತೆ.

ಅಸಲುಬಡ್ಡಿ: ಮೂರನೇ ದಿನ ಬರೀ ಲೆಕ್ಕ ಮಾಡಿಸಿ, ಮೊಬೈಲ್ ಕ್ಯಾಲ್ಕ್ಯುಲೇಟರ್ ಸಾಕು. 10 ಕೋಟಿ ಡಾಲರ್ ಸಾಲ, ವರ್ಷಕ್ಕೊಂದರಂತೆ ಅಸಲಿನ 20 ಸಮ ಕಂತು. ಶೇ. 5 ಆದರೆ ಒಟ್ಟು ಬಡ್ಡಿ 5.25 ಕೋಟಿ, ಶೇ. 1 ಆದರೆ 1.05 ಕೋಟಿ. ಸಾಲ ಕೊಟ್ಟ ದೇಶ ಮುಖಬೆಲೆಯಲ್ಲಿ ಲೆಕ್ಕ ಒಪ್ಪಿಸುವುದಾದರೆ ಎರಡನ್ನೂ 10 ಕೋಟಿಯ ಹವಾಮಾನ ನೆರವು ಎಂದೇ ಬರೆದುಕೊಳ್ಳುತ್ತದೆ. ಆಮೇಲೆ ವಿನಿಮಯ ದರ ಹಾಕಿಸಿ. ಅಸಲಿನ ಕಂತು 50 ಲಕ್ಷ ಡಾಲರ್. 2022ರ ಆರಂಭದಲ್ಲಿ ಡಾಲರಿಗೆ ಸುಮಾರು 113 ಶಿಲ್ಲಿಂಗ್, ಅಂದರೆ 56.5 ಕೋಟಿ; 2024ರ ಜನವರಿಯಲ್ಲಿ ಸುಮಾರು 160, ಅಂದರೆ 80 ಕೋಟಿ. 20 ಸಾಲಿನ ಕೋಷ್ಟಕವನ್ನು ಬೋರ್ಡಿನ ಮೇಲೆ ನೀವೇ ಬರೆಯಲು ಹೋಗಬೇಡಿ, ಅರ್ಧ ತರಗತಿ ನಿದ್ದೆ ಹೋಗುತ್ತದೆ. ಗುಂಪಿಗೆ ಐದೈದು ಕಂತು ಹಂಚಿ.

ಮೂರುಕಾಲಂ: ಲೆಕ್ಕ ಸರಿ. ಜನ ಎಡವುವುದು ಬೇರೆ ಕಡೆ. 2009ರಲ್ಲಿ ಶ್ರೀಮಂತ ದೇಶಗಳು ಬಡ ದೇಶಗಳಿಗೆ ಮಾತು ಕೊಟ್ಟ ವರ್ಷಕ್ಕೆ 10,000 ಕೋಟಿ ಡಾಲರ್ ಒಂದು ನಿಧಿಯಲ್ಲ, ಆಫ್ರಿಕಾ ಒಂದಕ್ಕೇ ಸೇರಿದ್ದೂ ಅಲ್ಲ. ಒಇಸಿಡಿ (ಹೆಚ್ಚಾಗಿ ಶ್ರೀಮಂತ ದೇಶಗಳ ಕೂಟ) ಲೆಕ್ಕದಲ್ಲಿ ಆ ಗುರಿ ಮುಟ್ಟಿದ್ದು 2022ರಲ್ಲಿ, 11,590 ಕೋಟಿ. ಅದರ ಸರ್ಕಾರಿ ಪಾಲಿನಲ್ಲಿ ಹೆಚ್ಚುಕಡಿಮೆ ಶೇ. 69 ಸಾಲ. ‘ಘೋಷಣೆ, ಒಪ್ಪಂದ, ಪಾವತಿ’ ಎಂದು ಮೂರು ಕಾಲಂ ಹಾಕಿಸಿ ತುಂಬಿಸಿ. ದಕ್ಷಿಣ ಆಫ್ರಿಕಾ ಒಳ್ಳೆಯ ಉದಾಹರಣೆ: ಕಲ್ಲಿದ್ದಲು ಬಿಡಲು 2021ರಲ್ಲಿ ಶ್ರೀಮಂತ ದೇಶಗಳಿಂದ 850 ಕೋಟಿ ಡಾಲರ್ ಘೋಷಣೆ, ಅದರಲ್ಲಿ ಅನುದಾನ ಶೇ. 4ರ ಆಸುಪಾಸು, 2025ರಲ್ಲಿ ಅಮೆರಿಕ ಹೊರಗೇ ನಡೆಯಿತು. ಎಮ್ಮೆ ನೀರಲ್ಲಿರುವಾಗಲೇ ವ್ಯಾಪಾರ.

ಬರದನಾಡು: ಕೌಂಟಿಯೇ ನೇರವಾಗಿ ಹಸಿರು ಹವಾಮಾನ ನಿಧಿಗೆ (ಬಡ ದೇಶಗಳ ಹವಾಮಾನ ಕೆಲಸಕ್ಕೆ ದುಡ್ಡು ಕೊಡುವ ಅಂತರರಾಷ್ಟ್ರೀಯ ನಿಧಿ) ಅರ್ಜಿ ಹಾಕಬಹುದೇ?

ಲೆಕ್ಕದಪುಸ್ತಕ: ಇಲ್ಲ. ಮಾನ್ಯತೆ ಪಡೆದ ಸಂಸ್ಥೆಯ ಮೂಲಕವೇ ಹೋಗಬೇಕು. ನಮ್ಮಲ್ಲಿ ನಬಾರ್ಡ್ ಇದ್ದ ಹಾಗೆ ಅಲ್ಲಿ ನೇಮಾ, ಅಂದರೆ ರಾಷ್ಟ್ರೀಯ ಪರಿಸರ ಪ್ರಾಧಿಕಾರ. ಹುಡುಗರ ಪತ್ರ ನಿಧಿಯ ಕಚೇರಿ ಇರುವ ದಕ್ಷಿಣ ಕೊರಿಯಾದ ಸೊಂಗ್ಡೊಗೆ ಹೋಗುವ ಮುಂಚೆ ನೈರೋಬಿಯ ನೇಮಾ ಕಚೇರಿಗೆ ಹೋಗಲಿ.