ಅಷ್ಟಕ ತುಂಬಿದ ಕ್ಸೆನಾನ್ ಫ್ಲೋರಿನ್ ಜೊತೆ ಸೇರುವುದು ಹೇಗೆ?

ಪ್ರಶ್ನೆ

ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸುತ್ತೇನೆ. ಹೊರಕವಚದಲ್ಲಿ ಎಂಟು ಎಲೆಕ್ಟ್ರಾನ್‌ಗಳಿದ್ದರೆ ಪರಮಾಣು ಸ್ಥಿರವಾಗಿರುತ್ತದೆ, ಅದು ಯಾವುದರೊಡನೆಯೂ ವರ್ತಿಸುವುದಿಲ್ಲ ಎಂದು ಪಾಠ ಮಾಡಿದಾಗ, ಕ್ಸೆನಾನ್ ಟೆಟ್ರಾಫ್ಲೋರೈಡ್ ಎಂಬ ಸಂಯುಕ್ತ ಇದೆಯಲ್ಲವೇ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದಳು. ನಿಯಾನ್ ಸುಮ್ಮನಿದ್ದು ಕ್ಸೆನಾನ್ ಮಾತ್ರ ವರ್ತಿಸುವುದೇಕೆ? ಬಲ್ಲವರು ತಿಳಿಸಬೇಕಾಗಿ ವಿನಂತಿ.

ಉತ್ತರ 1

ಎಂಟು ಎಂಬ ಎಣಿಕೆಯ ಜೊತೆಗೆ, ಆ ಎಂಟನ್ನು ನ್ಯೂಕ್ಲಿಯಸ್ ಎಷ್ಟು ಬಿಗಿಯಾಗಿ ಹಿಡಿದಿದೆ ಎಂಬುದನ್ನೂ ನೋಡಬೇಕು. ನಿಯಾನ್‌ನ ಎಲೆಕ್ಟ್ರಾನ್ ವಿನ್ಯಾಸ 2, 8. ಕ್ಸೆನಾನ್‌ನದು 2, 8, 18, 18, 8. ಕ್ಸೆನಾನ್‌ನಲ್ಲಿ ಹೊರಗಿನ ಎಂಟು ಐದನೆಯ ಕವಚದಲ್ಲಿದ್ದು, ನಡುವೆ 46 ಎಲೆಕ್ಟ್ರಾನ್‌ಗಳು ಅಡ್ಡಮರೆಯಾಗಿ ನಿಂತಿರುವುದರಿಂದ, ನ್ಯೂಕ್ಲಿಯಸ್‌ನ ಸೆಳೆತ ಅವುಗಳ ಮೇಲೆ ಸಡಿಲಗೊಳ್ಳುತ್ತದೆ. ಮೊದಲ ಎಲೆಕ್ಟ್ರಾನನ್ನು ಬಿಡಿಸಲು ನಿಯಾನ್‌ಗೆ ಮೋಲ್ ಒಂದಕ್ಕೆ 2081 ಕಿಲೋಜೂಲ್ ಬೇಕು, ಕ್ಸೆನಾನ್‌ಗೆ 1170 ಸಾಕು. ನಾವೆಲ್ಲ ಚುರುಕೆಂದು ಬಲ್ಲ ಕ್ಲೋರಿನ್‌ಗೂ 1251 ಬೇಕಾಗುತ್ತದೆ! ಈ ಮೂರು ಅಂಕಿಗಳನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ ಆ ಹುಡುಗಿಗೆ ಅರ್ಧ ಉತ್ತರ ಸಿಕ್ಕಂತೆ.

ಉತ್ತರ 2

ಈ ಅಂಕಿಯಿಂದಲೇ ಶೋಧವೂ ನಡೆಯಿತೆಂಬುದನ್ನು ಮಕ್ಕಳಿಗೆ ಹೇಳಲೇಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದ ನೀಲ್ ಬಾರ್ಟ್ಲೆಟ್, ಪ್ಲಾಟಿನಂ ಹೆಕ್ಸಾಫ್ಲೋರೈಡ್ ಆಮ್ಲಜನಕದ ಅಣುವಿನಿಂದಲೇ ಎಲೆಕ್ಟ್ರಾನ್ ಕಸಿದುಕೊಳ್ಳುವುದನ್ನು ಕಂಡರು. ಆಮ್ಲಜನಕದ ಅಣುವಿನ ಅಯಾನೀಕರಣ ಶಕ್ತಿ (ಮೊದಲ ಎಲೆಕ್ಟ್ರಾನನ್ನು ಬಿಡಿಸಲು ಬೇಕಾದ ಶಕ್ತಿ) ಕ್ಸೆನಾನ್‌ನದಕ್ಕೆ ಹೆಚ್ಚುಕಡಿಮೆ ಸಮ ಎಂಬುದು ಅವರಿಗೆ ಹೊಳೆಯಿತು. 1962ರ ಮಾರ್ಚ್‌ನಲ್ಲಿ, ಎರಡು ಅನಿಲಗಳ ನಡುವಿನ ಗಾಜಿನ ತಡೆಯನ್ನು ಅವರು ಒಡೆದಾಗ, ಕೋಣೆಯ ಉಷ್ಣಾಂಶದಲ್ಲೇ ಪ್ಲಾಟಿನಂ ಹೆಕ್ಸಾಫ್ಲೋರೈಡಿನ ಕೆಂಪು ಆವಿ ಕ್ಸೆನಾನ್‌ನೊಡನೆ ಸೇರಿ ಹಳದಿ-ಕಿತ್ತಳೆ ಬಣ್ಣದ ಘನವಸ್ತುವಾಯಿತು. ಅದೇ ವರ್ಷ ಅಮೆರಿಕದ ಆರ್ಗಾನ್ (Argonne) ರಾಷ್ಟ್ರೀಯ ಪ್ರಯೋಗಾಲಯದವರು ಕ್ಸೆನಾನ್ ಮತ್ತು ಫ್ಲೋರಿನ್‌ಗಳನ್ನು ನಿಕ್ಕಲ್ ಪಾತ್ರೆಯಲ್ಲಿ 400 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ನಿಮ್ಮ ವಿದ್ಯಾರ್ಥಿನಿ ಹೇಳಿದ ಟೆಟ್ರಾಫ್ಲೋರೈಡನ್ನೇ ಪಡೆದರು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಫ್ಲೋರಿನ್ನೇ ಏಕೆ ಬೇಕು?

ಉತ್ತರ 3

ಫ್ಲೋರಿನ್ ಪರಮಾಣು ಚಿಕ್ಕದು, ಎಲೆಕ್ಟ್ರಾನ್‌ಗಳನ್ನು ತನ್ನತ್ತ ಸೆಳೆಯುವುದರಲ್ಲಿ ಎಲ್ಲ ಧಾತುಗಳಿಗಿಂತ ಮುಂದು. ಫ್ಲೋರಿನ್ ಅಣುವಿನೊಳಗಿನ ಬಂಧವನ್ನು ಮುರಿಯಲು ಮೋಲ್‌ಗೆ ಸುಮಾರು 158 ಕಿಲೋಜೂಲ್ ಸಾಕು. ಕ್ಲೋರಿನ್‌ನ ಬಂಧಕ್ಕೆ 243 ಬೇಕು. ಕಡಿಮೆ ವೆಚ್ಚದಲ್ಲಿ ಬಂಧ ಕಳಚಿಕೊಂಡು, ಕ್ಸೆನಾನ್‌ನೊಡನೆ ಹೆಚ್ಚು ಬಲವಾದ ಬಂಧ ಕಟ್ಟಿಕೊಳ್ಳುವುದರಿಂದ ಲೆಕ್ಕ ಲಾಭದಲ್ಲಿ ಮುಗಿಯುತ್ತದೆ. ಆಮ್ಲಜನಕದೊಡನೆಯೂ ಕ್ಸೆನಾನ್ ಸೇರುತ್ತದೆ, ಆದರೆ ಹಾಗೆ ಉಂಟಾಗುವ ಕ್ಸೆನಾನ್ ಟ್ರೈಆಕ್ಸೈಡ್ ಸಿಡಿಯುವ ವಸ್ತು.