ಗೋ ಆಟದ ರೇಟಿಂಗ್ ಲೆಕ್ಕ: ಪಂದ್ಯಾವಳಿ ನಿರ್ದೇಶಕರಿಗೆ ಕೇಳಿದ ಪ್ರಶ್ನೆಗಳು

ಪ್ರಶ್ನೆ (ನ್ಯೂಜೆರ್ಸಿಯಿಂದ ಒಬ್ಬ ತಾಯಿ): ನಮಸ್ಕಾರ ಸರ್. ಬೆಂಗಳೂರಿನಲ್ಲಿದ್ದಾಗ ಚೆಸ್ ಆಡುತ್ತಿದ್ದ ನನ್ನ ಮಗ ಇಲ್ಲಿಗೆ ಬಂದ ಮೇಲೆ, ಮಣೆಯ ಮೇಲೆ ಕಪ್ಪು-ಬಿಳಿ ಕಲ್ಲುಗಳನ್ನಿಟ್ಟು ಆಡುವ ಗೋ ಕಲಿತು, ಅಮೆರಿಕನ್ ಗೋ ಅಸೋಸಿಯೇಷನ್ನಿನ ಸದಸ್ಯನಾಗಿ ಪಂದ್ಯಾವಳಿಗಳಲ್ಲಿ ಭಾಗವಹಿಸುತ್ತಿದ್ದಾನೆ. ಕಳೆದ ಪಂದ್ಯಾವಳಿಯಲ್ಲಿ ನಾಲ್ಕು ಆಟಗಳಲ್ಲಿ ಎರಡನ್ನು ಸೋತಿದ್ದರೂ ಅವನ ರೇಟಿಂಗ್ ಮೈನಸ್ 7.4 ಇದ್ದದ್ದು ಮೈನಸ್ 6.8 ಆಗಿದೆ. ಇದು ಏರಿಕೆಯೋ, ಇಳಿಕೆಯೋ? ಏರಿಕೆಯಾಗಿದ್ದರೆ, ಅರ್ಧದಷ್ಟು ಸೋತವನಿಗೆ ಅದು ದಕ್ಕಿದ್ದು ಹೇಗೆ?

ಉತ್ತರ: ಮೇಡಂ, ಅದು ಏರಿಕೆಯೇ. ಅಮೆರಿಕದ ಪದ್ಧತಿಯಲ್ಲಿ 1 ಡಾನ್ ದರ್ಜೆಯ (ಡಾನ್ ಎಂದರೆ ಬಲಿಷ್ಠರ ದರ್ಜೆ) ಆಟಗಾರರ ರೇಟಿಂಗ್ 1ರಿಂದ 1.99ರವರೆಗೆ, 2 ಡಾನ್‌ನವರದು 2ರಿಂದ 2.99ರವರೆಗೆ, ಹೀಗೆ ಮೇಲಕ್ಕೆ ಹೋಗುತ್ತದೆ. ಡಾನ್‌ಗಿಂತ ಕೆಳಗಿನ ಕ್ಯೂ ದರ್ಜೆಗಳನ್ನು ಮೈನಸ್ ಗುರುತಿನಿಂದ ಬರೆಯುತ್ತಾರೆ. ಮೈನಸ್ 7ರಿಂದ ಮೈನಸ್ 7.99ರವರೆಗಿನವರು 7 ಕ್ಯೂ, ಮೈನಸ್ 6ರಿಂದ ಮೈನಸ್ 6.99ರವರೆಗಿನವರು 6 ಕ್ಯೂ. ಮೈನಸ್ 1 ಮತ್ತು 1ರ ನಡುವೆ ಯಾವ ರೇಟಿಂಗೂ ಇಲ್ಲ. 1 ಕ್ಯೂ ದಾಟಿದವರು ನೇರವಾಗಿ 1 ಡಾನ್‌ಗೆ ಬರುತ್ತಾರೆ. ನಿಮ್ಮ ಮಗ 7 ಕ್ಯೂ ಇದ್ದವನು 6 ಕ್ಯೂ ಆಗಿದ್ದಾನೆ.

ಸೋತರೂ ಏರಿದ್ದು ಹೇಗೆ ಎಂಬುದನ್ನು ತಿಳಿಯಬೇಕಾದರೆ, ಪಂದ್ಯಾವಳಿ ಮುಗಿದ ಮೇಲೆ ನಾವು ಕಳುಹಿಸುವ ಕಡತದಲ್ಲಿ ಏನಿರುತ್ತದೆ ಎಂದು ನೋಡಬೇಕು. ಮೇಲ್ಭಾಗದಲ್ಲಿ ಆಟಗಾರರ ಪಟ್ಟಿ ಇರುತ್ತದೆ: ಸದಸ್ಯತ್ವ ಸಂಖ್ಯೆ, ಹೆಸರು, ಅವರು ಯಾವ ದರ್ಜೆಯಲ್ಲಿ ನೋಂದಾಯಿಸಿಕೊಂಡರು ಎಂಬುದು. ಅದರ ಕೆಳಗೆ ಒಂದೊಂದು ಆಟಕ್ಕೆ ಒಂದೊಂದು ಸಾಲು: ಬಿಳಿ ಕಲ್ಲಿನವರ ಸಂಖ್ಯೆ, ಕಪ್ಪು ಕಲ್ಲಿನವರ ಸಂಖ್ಯೆ, ಗೆದ್ದ ಬಣ್ಣ, ಹ್ಯಾಂಡಿಕ್ಯಾಪ್ (ದುರ್ಬಲರಿಗೆ ಆರಂಭದಲ್ಲೇ ಕೊಡುವ ಮುನ್ನಡೆ) ಎಷ್ಟು ಕಲ್ಲು, ಕೋಮಿ (ಬಿಳಿಗೆ ಕೊಡುವ ಪರಿಹಾರದ ಅಂಕ) ಎಷ್ಟು. ಗೆಲುವಿನ ಅಂತರಕ್ಕೆ ಆ ಸಾಲಿನಲ್ಲಿ ಜಾಗವೇ ಇಲ್ಲ. ಅರ್ಧ ಅಂಕದಿಂದ ಗೆದ್ದರೂ ಐವತ್ತು ಅಂಕದಿಂದ ಗೆದ್ದರೂ ಅದು ಒಂದು ಗೆಲುವು, ಅಷ್ಟೇ. ಇದು ಸರಿಯಾದ ಕ್ರಮವೆಂದೇ ನನ್ನ ಅಭಿಪ್ರಾಯ, ಏಕೆಂದರೆ ಮುಂದಿರುವ ಉತ್ತಮ ಆಟಗಾರರು ಅಪಾಯವಿಲ್ಲದ ನಡೆಗಳನ್ನು ಆರಿಸಿಕೊಂಡು ಬೇಕೆಂದೇ ಅಂತರವನ್ನು ಕಡಿಮೆ ಮಾಡಿಕೊಳ್ಳುತ್ತಾರೆ.

ಲೆಕ್ಕ ಹಾಕುವ ಪ್ರೋಗ್ರಾಂ ಪ್ರತಿಯೊಬ್ಬ ಆಟಗಾರನ ಬಗ್ಗೆ ಎರಡು ಸಂಖ್ಯೆಗಳನ್ನು ಇಟ್ಟುಕೊಂಡಿರುತ್ತದೆ. ಒಂದು ರೇಟಿಂಗ್, ಇನ್ನೊಂದು ಸಿಗ್ಮಾ, ಅಂದರೆ ಆ ರೇಟಿಂಗ್ ಎಷ್ಟರಮಟ್ಟಿಗೆ ಅನಿಶ್ಚಿತ ಎಂಬುದರ ಅಳತೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಆಟಗಾರನ ಬಲ ತಿಳಿಯಲು ಒಂದು ಆಟ ಸಾಲದು. ಆದ್ದರಿಂದ ಹೊಸಬರ ಸಿಗ್ಮಾ ದೊಡ್ಡದಾಗಿರುತ್ತದೆ ಮತ್ತು ಆಟಗಳು ಸೇರಿದಂತೆಲ್ಲ ಚಿಕ್ಕದಾಗುತ್ತದೆ. ಸಿಗ್ಮಾ ದೊಡ್ಡದಿರುವಾಗ ಹೊಸ ಫಲಿತಾಂಶಗಳು ರೇಟಿಂಗನ್ನು ಬಹಳ ದೂರ ಸರಿಸಬಲ್ಲವು, ಚಿಕ್ಕದಿರುವಾಗ ಅದೇ ಫಲಿತಾಂಶಗಳು ಅಲ್ಪಸ್ವಲ್ಪವಷ್ಟೇ ಸರಿಸುತ್ತವೆ. ನಿಮ್ಮ ಮಗ ಎರಡು ಆಟಗಳನ್ನು ತನಗಿಂತ ಮೇಲಿನವರ ಎದುರು ಗೆದ್ದಿದ್ದರೆ, ಹೊಸಬನಾದ್ದರಿಂದ ಅವನ ರೇಟಿಂಗ್ ಅರ್ಧ ದರ್ಜೆಗೂ ಹೆಚ್ಚು ಮೇಲೇರಿದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೊಂದು ವಿಷಯವನ್ನು ಪಾಲಕರು ಸಾಮಾನ್ಯವಾಗಿ ಗಮನಿಸುವುದಿಲ್ಲ. ಇಲ್ಲಿ ಆಟಗಳನ್ನು ಒಂದರ ನಂತರ ಒಂದರಂತೆ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಒಂದು ಪಂದ್ಯಾವಳಿಯ ಎಲ್ಲ ಆಟಗಳನ್ನೂ ಒಟ್ಟಿಗೆ ಇಟ್ಟು, ಹಿಂದಿನ ಮಾಹಿತಿಗೂ ಈ ಫಲಿತಾಂಶಗಳಿಗೂ ಅತ್ಯಂತ ಚೆನ್ನಾಗಿ ಹೊಂದುವ ರೇಟಿಂಗುಗಳು ಯಾವುವು ಎಂದು ಹುಡುಕಲಾಗುತ್ತದೆ. ಹೀಗಾಗಿ ಬೆಳಗ್ಗೆ ಗೆದ್ದು ಸಂಜೆ ಸೋತರೂ, ಬೆಳಗ್ಗೆ ಸೋತು ಸಂಜೆ ಗೆದ್ದರೂ ಉತ್ತರ ಒಂದೇ. ನಿಮ್ಮ ಮಗನನ್ನು ಸೋಲಿಸಿದವರು ಅದೇ ದಿನ ಬಲಿಷ್ಠರಾದ ಇತರರನ್ನೂ ಸೋಲಿಸಿದ್ದರೆ, ಅವನ ಸೋಲು ಅವನಿಗೆ ಮಾಡುವ ಹಾನಿ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ಪ್ರಶ್ನೆ (ಮೈಸೂರಿನಿಂದ ಒಬ್ಬ ಚೆಸ್ ತರಬೇತುದಾರರು): ಚೆಸ್‌ನ ಎಲೋ ಪದ್ಧತಿಯನ್ನೇ ಬಳಸಿದ್ದರೆ ಸಾಕಾಗುತ್ತಿರಲಿಲ್ಲವೇ ಸರ್? ಹ್ಯಾಂಡಿಕ್ಯಾಪ್ ಕೊಟ್ಟು ಆಡಿದ ಆಟವನ್ನೂ ರೇಟಿಂಗಿಗೆ ಸೇರಿಸುತ್ತಾರೆ ಎಂದು ಕೇಳಿದ್ದೇನೆ. ಅದು ನ್ಯಾಯವೇ?

ಉತ್ತರ: ಮೂಲ ಆಲೋಚನೆ ಎಲೋ ಅವರದ್ದೇ ಸರ್: ಇಬ್ಬರ ರೇಟಿಂಗುಗಳ ವ್ಯತ್ಯಾಸದಿಂದ ಗೆಲುವಿನ ಸಂಭವವನ್ನು ಅಂದಾಜಿಸುವುದು, ಅಂದಾಜಿಗೂ ಫಲಿತಾಂಶಕ್ಕೂ ಇರುವ ಅಂತರಕ್ಕೆ ತಕ್ಕಂತೆ ರೇಟಿಂಗನ್ನು ತಿದ್ದುವುದು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ ಹೊಸಬರಿಗೆ 40, ಮುಂದೆ 20, 2400 ಮುಟ್ಟಿದವರಿಗೆ 10 ಎಂದು ಈ ತಿದ್ದುಪಡಿಯ ಗುಣಕವನ್ನು ಬದಲಾಯಿಸುತ್ತದೆ. ಅಲ್ಲಿ ಮೂರು ಮೆಟ್ಟಿಲುಗಳಲ್ಲಿ ಆಗುವ ಕೆಲಸವನ್ನು ಇಲ್ಲಿ ಸಿಗ್ಮಾ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಮಾಡುತ್ತದೆ.

ಹ್ಯಾಂಡಿಕ್ಯಾಪ್ ವಿಷಯದಲ್ಲಿ ಗೋ ಆಟಕ್ಕೆ ಒಂದು ಅನುಕೂಲವಿದೆ. ಚೆಸ್‌ನಲ್ಲಿ ಕುದುರೆಯೊಂದನ್ನು ಬಿಟ್ಟುಕೊಟ್ಟರೆ ಆಟದ ಸ್ವರೂಪವೇ ಬದಲಾಗುತ್ತದೆ. ಗೋ ಮಣೆಯಲ್ಲಿ ದುರ್ಬಲರು ಆರಂಭದಲ್ಲೇ ಎರಡೋ ಮೂರೋ ಕಪ್ಪು ಕಲ್ಲುಗಳನ್ನು ಗುರುತಿನ ಬಿಂದುಗಳ ಮೇಲೆ ಇಟ್ಟರೂ ಮುಂದಿನದು ಅದೇ ಆಟ. ಒಂದು ಕಲ್ಲಿನ ಬೆಲೆ ಒಂದು ದರ್ಜೆ ಎಂಬುದು ಈ ಆಟದ ಹಳೆಯ ರೂಢಿ, ಅಮೆರಿಕದ ರೇಟಿಂಗ್ ಮಾಪನ ನಿಂತಿರುವುದು ಅದರ ಮೇಲೆಯೇ. ಮೂರು ದರ್ಜೆ ಕೆಳಗಿನವರು ಮೂರು ಕಲ್ಲು ಪಡೆದು ಆಡಿದರೆ ಲೆಕ್ಕದ ದೃಷ್ಟಿಯಲ್ಲಿ ಅದು ಹೆಚ್ಚುಕಡಿಮೆ ಸಮಬಲದ ಆಟ. ಗೆದ್ದವರು ಯಾರೇ ಆಗಲಿ, ಅದರಿಂದ ಪೂರ್ಣ ಪ್ರಮಾಣದ ಮಾಹಿತಿ ಸಿಗುತ್ತದೆ. ಮೂರು ದರ್ಜೆ ಮೇಲಿನವರು ಹ್ಯಾಂಡಿಕ್ಯಾಪ್ ಇಲ್ಲದೆ ಆಡಿ ಗೆದ್ದರೆ ನಮಗೆ ತಿಳಿಯುವುದು ಮೊದಲೇ ತಿಳಿದಿದ್ದ ಸಂಗತಿ ಮಾತ್ರ. ಆದ್ದರಿಂದ ಹ್ಯಾಂಡಿಕ್ಯಾಪ್ ಆಟಗಳನ್ನು ಸೇರಿಸುವುದು ನ್ಯಾಯ ಮಾತ್ರವಲ್ಲ, ಅಗತ್ಯವೂ ಹೌದು.

ಕೋಮಿಯನ್ನೂ ಇದೇ ತಕ್ಕಡಿಯಲ್ಲಿ ತೂಗುತ್ತಾರೆ. ಕಪ್ಪು ಮೊದಲು ಆಡುವುದರಿಂದ ಸಿಗುವ ಲಾಭವನ್ನು ಸರಿದೂಗಿಸಲು ಬಿಳಿಗೆ ಕೊಡುವ ಅಂಕಗಳೇ ಕೋಮಿ. ಅಮೆರಿಕದ ನಿಯಮದಲ್ಲಿ ಅದು 7.5. ಕೋಮಿ ಇಲ್ಲದ ಆಟದಲ್ಲಿ ಕಪ್ಪಿಗೆ ಅರ್ಧ ದರ್ಜೆಗಿಂತ ತುಸು ಹೆಚ್ಚಿನ ಲಾಭವಿದೆ ಎಂದು ಅಸೋಸಿಯೇಷನ್ನಿನ ಸೂತ್ರ ಎಣಿಸುತ್ತದೆ, ಕೋಮಿ 7.5 ಆದಾಗ ಆ ಲಾಭ ಹತ್ತಿರ ಹತ್ತಿರ ಸೊನ್ನೆಗೆ ಇಳಿಯುತ್ತದೆ.

ಪ್ರಶ್ನೆ (ಜರ್ಮನಿಯಿಂದ ಒಬ್ಬ ಸದಸ್ಯರು): ಇಲ್ಲಿ ನನ್ನ ರೇಟಿಂಗ್ 1100, ಅಂದರೆ 10 ಕ್ಯೂ. ಒಂದು ಆಟ ಗೆದ್ದರೆ ಇಪ್ಪತ್ತಕ್ಕೂ ಹೆಚ್ಚು ಅಂಕ ಬರುತ್ತದೆ. ನಮ್ಮ ಕ್ಲಬ್ಬಿನ 5 ಡಾನ್ ಆಟಗಾರರಿಗೆ ನಾಲ್ಕೈದು ಅಂಕ ಬಂದರೆ ಹೆಚ್ಚು. ಈ ಭೇದ ಏಕೆ?

ಉತ್ತರ: ಯೂರೋಪಿಯನ್ ಗೋ ಫೆಡರೇಷನ್ನಿನ ಪದ್ಧತಿ ಬೇರೆ. ಝೆಕ್ ದೇಶದ ಅಲೆಶ್ ಚಿಯೆಪ್ಲಿ ರೂಪಿಸಿದ ಈ ಪದ್ಧತಿಯನ್ನು 2021ರಲ್ಲಿ ಪರಿಷ್ಕರಿಸಲಾಯಿತು. ಅದರಲ್ಲಿ ಒಂದು ದರ್ಜೆಗೆ 100 ಅಂಕ. 1 ಡಾನ್ ಎಂದರೆ 2100, 1 ಕ್ಯೂ ಎಂದರೆ 2000. ಅಲ್ಲಿ ಸಿಗ್ಮಾ ಇಲ್ಲ. ಅದರ ಬದಲು, ರೇಟಿಂಗ್ ಹೆಚ್ಚಿದಂತೆ ಕುಗ್ಗುತ್ತ ಹೋಗುವ ಒಂದು ಗುಣಕವಿದೆ: 3300ರಿಂದ ನಿಮ್ಮ ರೇಟಿಂಗನ್ನು ಕಳೆದು, 200ರಿಂದ ಭಾಗಿಸಿ, ಬಂದದ್ದನ್ನು 1.6ರ ಘಾತಕ್ಕೆ ಏರಿಸಬೇಕು. ನಿಮಗೆ ಅದು ಸುಮಾರು 46, 2500 ಇರುವ 5 ಡಾನ್ ಆಟಗಾರರಿಗೆ ಸುಮಾರು 9. ಸರಿಸಮನಾದ ಎದುರಾಳಿಯನ್ನು ಗೆದ್ದಾಗ ಇದರ ಅರ್ಧದಷ್ಟು ಅಂಕ ಬರುತ್ತದೆ.

ನಿಮಗೆ ಇದರ ಮೇಲೆ ಇನ್ನೂ 3 ಅಂಕ ಸೇರುತ್ತದೆ, ಅದು ಸೋತರೂ ಸೇರುತ್ತದೆ. ಹೀಗೆ ಸಮಬಲರ ಆಟದಲ್ಲಿ ನೀವು ಗೆದ್ದರೆ ಸುಮಾರು 26 ಅಂಕ ಏರಿಕೆ, ಸೋತರೆ ಸುಮಾರು 20 ಅಂಕ ಇಳಿಕೆ. 5 ಡಾನ್‌ನವರಿಗೆ ಎರಡೂ ಕಡೆ ಸುಮಾರು 4.6. ಈ 3 ಅಂಕ ಬಹುಮಾನವಲ್ಲ. ಕೆಳ ದರ್ಜೆಯಲ್ಲಿ ಪ್ರವೇಶಿಸಿದ ಮಕ್ಕಳು ಬೇಗಬೇಗ ಸುಧಾರಿಸಿ ಮೇಲೇರುವಾಗ ಆ ಅಂಕಗಳನ್ನು ಹಳಬರಿಂದ ಕಸಿದುಕೊಳ್ಳುತ್ತಾರೆ. ಹಳಬರ ಬಲ ಕುಗ್ಗದಿದ್ದರೂ ರೇಟಿಂಗ್ ಕುಸಿಯುತ್ತದೆ, ಕ್ರಮೇಣ ಇಡೀ ದೇಶದ ಮಾಪನವೇ ಕೆಳಗೆ ಜಾರುತ್ತದೆ. ಅದನ್ನು ತಡೆಯಲು ಸೇರಿಸಿದ ಅಂಕಗಳು ಇವು. ರೇಟಿಂಗ್ ಹೆಚ್ಚಾದಂತೆ ಇವು ಕರಗಿಹೋಗುತ್ತವೆ.

ಈ ಸೂತ್ರದಲ್ಲಿ ನನಗೆ ಬಹಳ ಮೆಚ್ಚುಗೆಯಾಗುವ ಅಂಶ ಇನ್ನೊಂದಿದೆ. 100 ಅಂಕಗಳ ಮುನ್ನಡೆ ಇರುವವರು ಸಮ ಷರತ್ತಿನ ಆಟದಲ್ಲಿ ಗೆಲ್ಲುವ ಸಂಭವ 1000 ಮತ್ತು 1100ರ ನಡುವೆ ನೂರಕ್ಕೆ 58 ಇದ್ದರೆ, 2400 ಮತ್ತು 2500ರ ನಡುವೆ ನೂರಕ್ಕೆ 70. ಕಲಿಕೆಯ ಹಂತದವರ ಆಟದಲ್ಲಿ ಏರುಪೇರು ಹೆಚ್ಚು, ಪಳಗಿದವರ ಆಟದಲ್ಲಿ ಕಡಿಮೆ ಎಂಬ, ಪ್ರತಿಯೊಬ್ಬ ನಿರ್ದೇಶಕನೂ ಕಣ್ಣಾರೆ ಕಾಣುವ ಸತ್ಯ ಅದರಲ್ಲಿದೆ. ಅಮೆರಿಕದ ಮಾದರಿ ಎಲ್ಲ ಹಂತಗಳಲ್ಲೂ ಒಂದು ದರ್ಜೆಗೆ ನೂರಕ್ಕೆ 80ಕ್ಕಿಂತ ತುಸು ಹೆಚ್ಚು ಎಂದು ಎಣಿಸುತ್ತದೆ. ಆರಂಭಿಕರ ಮಟ್ಟಿಗೆ ಅದು ಅತಿಯಾಯಿತೆಂದು ನನಗೆ ಅನ್ನಿಸುತ್ತದೆ. ಅನಿಶ್ಚಿತತೆಯನ್ನು ಅಳೆದು ಪ್ರಕಟಿಸುವ ವಿಷಯದಲ್ಲಿ ಮಾತ್ರ ಅಮೆರಿಕದವರೇ ಮುಂದು.

ಪ್ರಶ್ನೆ: ಜಪಾನಿನ ಪ್ರಮಾಣಪತ್ರ ಇದ್ದವರಿಗೆ ರೇಟಿಂಗ್ ಬೇಕಿಲ್ಲ ಅಲ್ಲವೇ?

ಉತ್ತರ: ಬೇಕು. 1924ರಲ್ಲಿ ಸ್ಥಾಪನೆಯಾದ ಜಪಾನಿನ ಗೋ ಸಂಸ್ಥೆ ನಿಹೋನ್ ಕಿಯಿನ್ ಕೊಡುವ ಹವ್ಯಾಸಿ ಡಾನ್ ಪ್ರಮಾಣಪತ್ರ ಒಂದು ಮನ್ನಣೆ. ಪಡೆದ ಮೇಲೆ ಅದು ಕೆಳಗಿಳಿಯುವುದಿಲ್ಲ. ರೇಟಿಂಗ್ ಇಂದಿನ ಬಲದ ಅಂದಾಜು, ಇಳಿಯುವ ಅವಕಾಶವಿದ್ದರೆ ಮಾತ್ರ ಅದಕ್ಕೆ ಅರ್ಥ. ಎರಡಕ್ಕೂ ಗೌರವವಿದೆ, ಆದರೆ ಎದುರಾಳಿಗಳ ಜೋಡಿ ಹಾಕುವ ಮೇಜಿನ ಬಳಿ ನನಗೆ ಬೇಕಾಗುವುದು ಎರಡನೆಯದು.

ಪ್ರಶ್ನೆ (ಮೊದಲು ಕೇಳಿದ ತಾಯಿ): ಇಷ್ಟು ವಿವರವಾಗಿ ತಿಳಿಸಿದ್ದಕ್ಕೆ ಧನ್ಯವಾದ ಸರ್. ಈಗ 6 ಕ್ಯೂ ಆಗಿರುವುದರಿಂದ, ಅದು ಇಳಿದುಬಿಟ್ಟರೆ ಎಂಬ ಭಯದಿಂದ ಮಗ ಮುಂದಿನ ಪಂದ್ಯಾವಳಿಗೆ ಬರುವುದಿಲ್ಲ ಎನ್ನುತ್ತಿದ್ದಾನೆ. ಆನ್‌ಲೈನ್‌ನಲ್ಲಿ ಮಾತ್ರ ಆಡುತ್ತಾನಂತೆ, ಅಲ್ಲಿ ಅವನು 4 ಕ್ಯೂ. ಏನು ಹೇಳಲಿ?

ಉತ್ತರ: ಆಡದೆ ಕುಳಿತರೆ ರೇಟಿಂಗ್ ಉಳಿಯುತ್ತದೆ, ಆದರೆ ಅದರ ಮೇಲಿನ ಭರವಸೆ ಉಳಿಯುವುದಿಲ್ಲ. ದಿನಗಳು ಕಳೆದಂತೆ ಸಿಗ್ಮಾ ಹಿಗ್ಗುತ್ತದೆ, ಮತ್ತೆ ಬಂದಾಗ ಮೊದಲ ಕೆಲವು ಆಟಗಳೇ ಅವನನ್ನು ದೊಡ್ಡ ಪ್ರಮಾಣದಲ್ಲಿ ಮೇಲೆ ಕೆಳಗೆ ಮಾಡುತ್ತವೆ. ಅಸೋಸಿಯೇಷನ್ನಿನ ರೇಟಿಂಗ್ ಪಟ್ಟಿಯನ್ನು ಅವನಿಗೆ ತೆರೆದು ತೋರಿಸಿ: ವರ್ಷಗಟ್ಟಲೆ ಆಡುತ್ತಿರುವ ಡಾನ್ ಆಟಗಾರರ ರೇಟಿಂಗ್ ಕೂಡ ಪ್ರತಿ ಪಂದ್ಯಾವಳಿಯ ನಂತರ ಏರಿಳಿಯುತ್ತಲೇ ಇರುತ್ತದೆ.

ಆನ್‌ಲೈನ್ ಸರ್ವರ್‌ಗಳ ದರ್ಜೆಗಳು ಆಯಾ ಸರ್ವರಿನ ಆಟಗಾರರ ನಡುವೆ ಮಾತ್ರ ಹೊಂದಾಣಿಕೆಯಾದಂಥವು. ಒಂದು ಸರ್ವರಿನ 4 ಕ್ಯೂ ಇನ್ನೊಂದರ 4 ಕ್ಯೂ ಅಲ್ಲ, ಅಸೋಸಿಯೇಷನ್ನಿನ 4 ಕ್ಯೂ ಕೂಡ ಅಲ್ಲ. ನೋಂದಣಿ ಅರ್ಜಿಯಲ್ಲಿ 6 ಕ್ಯೂ ಎಂದೇ ಬರೆಯಿರಿ. ರೇಟಿಂಗಿಗಿಂತ ಬಹಳ ಮೇಲಿನ ದರ್ಜೆ ಬರೆದರೆ ಪ್ರೋಗ್ರಾಂ ಅದನ್ನೂ ಮಾಹಿತಿಯೆಂದೇ ಪರಿಗಣಿಸಿ ಲೆಕ್ಕವನ್ನು ಮೇಲಿನಿಂದ ಆರಂಭಿಸುತ್ತದೆ, ಅವನಿಗೆ ಎದುರಾಗುವವರೂ ಅದೇ ದರ್ಜೆಯವರು. ನಿಜವಾಗಿ 4 ಕ್ಯೂ ಬಲವಿದ್ದರೆ, ಸಿಗ್ಮಾ ಇನ್ನೂ ದೊಡ್ಡದಿರುವ ಈಗ, 6 ಕ್ಯೂ ಆಗಿ ಆಡಿದ ಒಂದೆರಡು ಪಂದ್ಯಾವಳಿಗಳಲ್ಲಿ ಅದು ಪಟ್ಟಿಯಲ್ಲಿ ಕಾಣಿಸುತ್ತದೆ. ಸದಸ್ಯತ್ವ ಆ ದಿನಕ್ಕೆ ಚಾಲ್ತಿಯಲ್ಲಿದೆಯೇ ಎಂಬುದನ್ನು ಮಾತ್ರ ಮೊದಲೇ ನೋಡಿಕೊಳ್ಳಿ.